ಎಣ್ಣೆ ಸೋರುವ ಗಾಡಿಯ ಕೆಳಗೆ ಶಟ್ಟೆಪ್ಪ ಮಿಸ್ತ್ರಿ

ಶಟ್ಟೆಪ್ಪ ಮಿಸ್ತ್ರಿಯನ್ನು ನೆನೆಸಿಕೊಂಡರೆ ನನಗೆ ಮೊದಲು ಕಾಣುವುದು ಮುಖವಲ್ಲ, ಕಾಲು. ಗಾಡಿಯ ಕೆಳಗಿನಿಂದ ಹೊರಗೆ ಚಾಚಿದ ಎರಡು ಕಾಲು. ಅಂಗಾಲು ಕರ್ರಗೆ, ಎಡಗಾಲಿನ ಹೆಬ್ಬೆರಳಿಗೆ ಉಗುರಿಲ್ಲ. ಮಾತು ಬರುವುದೂ ಅಲ್ಲಿಂದಲೇ. ಬೈಲಹೊಂಗಲದ ದೊಡ್ಡ ದೊಡ್ಡ ಸಾವ್ಕಾರರು ಧೋತರ ಎತ್ತಿ ಹಿಡಿದು, ಸೊಂಟ ಬಗ್ಗಿಸಿ, ಆ ಕಾಲುಗಳ ಜೊತೆ ಮಾತಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವನ ಊರು ನೇಸರಗಿ. ಸಣ್ಣವನಿದ್ದಾಗಲೇ ಬೆಳಗಾವಿಗೆ ಹೋಗಿ ಲಾರಿಯವರ ಕೈಕೆಳಗೆ ಸೇರಿದ. ನಟ್ಟು ಬೋಲ್ಟು ತೊಳೆಯುತ್ತ ತೊಳೆಯುತ್ತ ಎಂಜಿನ್ನಿನ ಹೊಟ್ಟೆಯೊಳಗೆ ಏನೇನಿದೆ ಎಂಬುದನ್ನೆಲ್ಲ ಕಲಿತ. ಸಾಲೆಯ ಮೆಟ್ಟಿಲು ಹತ್ತಿದವನಲ್ಲ. ಆಮೇಲೆ ಬೈಲಹೊಂಗಲಕ್ಕೆ ಬಂದು ಸವದತ್ತಿ ರಸ್ತೆಯ ಒಂದು ಬೇವಿನ ಗಿಡದ ಕೆಳಗೆ ನಾಲ್ಕು ತಗಡು ನಿಲ್ಲಿಸಿ, ಅದಕ್ಕೇ ಗ್ಯಾರೇಜು ಅಂದ. ಜಾತಿಯಿಂದ ನಮ್ಮ ಕೇರಿಯವನೇ. ನನ್ನ ಗಂಡನಿಗೆ ದೂರದಿಂದ ಅಣ್ಣನಾಗಬೇಕು. ಆಗ ಸಾವ್ಕಾರರ ಮನೆಗಳಲ್ಲಿ ನಮ್ಮ ಜನಕ್ಕೆ ಚಹಾ ಕೊಡುವ ಬಟ್ಟಲು ಬೇರೆಯೇ ಇರುತ್ತಿತ್ತು, ಹೊರಗೆ ಸೂರಿನಲ್ಲಿ ಸಿಗಿಸಿದ್ದು. ಶಟ್ಟೆಪ್ಪಣ್ಣ ಅದನ್ನು ಮುಟ್ಟುತ್ತಿರಲಿಲ್ಲ. "ಕೈಗೆ ಗ್ರೀಸ್ ಹತ್ತೈತ್ರಿ, ಚಹಾ ಒಲ್ಲೆ" ಎಂದುಬಿಡುತ್ತಿದ್ದ. ನಮ್ಮ ಮನೆಗೆ ಬಂದರೆ ಅದೇ ಗ್ರೀಸಿನ ಕೈಯಲ್ಲಿ ಎರಡೆರಡು ಕಪ್ಪು ಕುಡಿಯುತ್ತಿದ್ದ.

ನಮ್ಮವರು ಮಹಾಂತಪ್ಪ ಸಾವ್ಕಾರರ ಗಾಡಿ ಓಡಿಸುತ್ತಿದ್ದರು. ನಮ್ಮವರು ಎಂದರೆ ನನ್ನ ಗಂಡ. ಅವರ ಹೆಸರು ಬೇರೆಯವರ ಬಾಯಲ್ಲಿ ಬರುತ್ತದೆ, ನಾನು ಹೇಳುವುದಿಲ್ಲ. ಸಾವ್ಕಾರರಿಗೆ ಹತ್ತಿ ವ್ಯಾಪಾರ. ಊರ ಹೊರಗೆ ಹತ್ತಿ ತುಂಬಿಡುವ ದೊಡ್ಡ ವಖಾರಿ ಇತ್ತು. ಅದರ ಮಗ್ಗುಲಿಗೆ ಗಾಡಿ ನಿಲ್ಲಿಸಲು ಒಂದು ತಗಡಿನ ಚಪ್ಪರ, ಚಪ್ಪರಕ್ಕೆ ಹತ್ತಿದಂತೆ ಒಂದು ಖೋಲಿ. ಆ ಖೋಲಿಯೇ ನಮ್ಮ ಸಂಸಾರ. ಮದುವೆಯಾಗಿ ಆರು ವರ್ಷ ಆಗಿತ್ತು, ಮಕ್ಕಳಿರಲಿಲ್ಲ. ಗಾಡಿ ನಮಗಿಂತ ಹಿರಿಯದು. ಕಪ್ಪು ಬಣ್ಣ, ಬೆನ್ನು ಗುಂಡಗೆ, ಬಾಗಿಲು ಹಾಕಿದರೆ ತಿಜೋರಿ ಮುಚ್ಚಿದ ಸಪ್ಪಳ. ನಮ್ಮವರು ದಿನಾ ಅದರ ಮೈ ಒರೆಸುತ್ತಿದ್ದರು. ನನ್ನ ಕಡೆಗೆ ಅಷ್ಟು ಹೊತ್ತು ನೋಡಿದ್ದು ನೆನಪಿಲ್ಲ.

ಎಪ್ಪತ್ನಾಲ್ಕನೆಯ ಇಸವಿ. ಪೆಟ್ರೋಲು ತುಟ್ಟಿಯಾಯಿತೆಂದು ಸಾವ್ಕಾರರು ಮಳೆಗಾಲದ ಮೂರು ತಿಂಗಳು ಗಾಡಿ ಹೊರಗೆ ತೆಗೆಯಲಿಲ್ಲ. ಚಪ್ಪರದಲ್ಲಿ ನಿಂತಿತು. ನವರಾತ್ರಿಗೆ ತೆಗೆದರೆ, ಅಲ್ಲಿಯ ತನಕ ಒಂದು ಹನಿಯೂ ಚೆಲ್ಲದ ಗಾಡಿ ಎಂಜಿನ್ ಎಣ್ಣೆ ಸೋರತೊಡಗಿತು. ಮೊದಲು ಹನಿ ಹನಿ. ದೀಪಾವಳಿ ಹೊತ್ತಿಗೆ ಚಪ್ಪರದ ನೆಲದಲ್ಲಿ ಎಮ್ಮೆ ಮಲಗಿ ಎದ್ದಷ್ಟು ಅಗಲ ಕರಿ ಕಲೆ. ನಾನು ಎಷ್ಟು ಸಾರಿಸಿದರೂ ಅದು ಮೇಲೆ ಬರುತ್ತಿತ್ತು.

ಸಾವ್ಕಾರರು ಗಾಡಿಯನ್ನು ಬೆಳಗಾವಿಯ ಒಂದು ದೊಡ್ಡ ಗ್ಯಾರೇಜಿಗೆ ಕಳಿಸಿದರು. ಬೇವಿನ ಗಿಡದ ಕೆಳಗಿನ ಮಿಸ್ತ್ರಿ ಏನಿದ್ದರೂ ಲಾರಿಗೆ, ಟ್ರ್ಯಾಕ್ಟರಿಗೆ ಎಂದು ಅವರ ಲೆಕ್ಕ. ಅಲ್ಲಿ ಎಂಜಿನ್ನಿನ ಮುಂದಿನ ಸಂದಿಯಲ್ಲಿ ಎಣ್ಣೆ ತಡೆಯುವ ಪ್ಯಾಕಿಂಗ್ ಬದಲಿಸಿದರು. ಮುಂದೆ ನಿಂತಿತು, ಹಿಂದೆ ಶುರುವಾಯಿತು. ಮತ್ತೆ ಹೋಗಿ ಹಿಂದಿನದನ್ನು ಬದಲಿಸಿದರು. ಆಗ ಮಗ್ಗುಲಿನಿಂದ ಬಂತು. ನಮ್ಮವರು ಡಿಕ್ಕಿಯಲ್ಲಿ ಎಣ್ಣೆಯ ಡಬ್ಬಿ ಇಟ್ಟುಕೊಂಡೇ ತಿರುಗತೊಡಗಿದರು, ಎಳೆ ಮಗುವಿಗೆ ಹಾಲಿನ ಬಾಟಲಿ ಹಿಡಿದುಕೊಂಡು ಹೋದ ಹಾಗೆ.

ಸಾವ್ಕಾರರ ತಲೆ ಕೆಟ್ಟದ್ದು ಚಚಡಿಯಲ್ಲಿ. ಅವರ ತಮ್ಮನ ಮಗನಿಗೆ ಅಲ್ಲಿ ಹೆಣ್ಣು ನೋಡಿದ್ದರು. ನಿಶ್ಚಯಕ್ಕೆಂದು ಹೋಗಿ, ಬೀಗರ ಮನೆಯ ಮುಂದೆ ಆಗಷ್ಟೇ ತೊಳೆದು ರಂಗೋಲಿ ಹಾಕಿದ ಕಲ್ಲುಹಾಸಿನ ಮೇಲೆ ಗಾಡಿ ನಿಲ್ಲಿಸಿದರು. ಮಾತುಕತೆ ಮುಗಿಸಿ ಹೊರಗೆ ಬರುವಷ್ಟರಲ್ಲಿ ರಂಗೋಲಿಯ ನಡುವೆ ಕರಿ ಹೊಂಡ. ಹೆಣ್ಣಿನ ಅಜ್ಜಿ ರಾಚವ್ವ ಸೆರಗು ಬಾಯಿಗೆ ಹಿಡಿದು ನಿಂತಿದ್ದಳಂತೆ.

"ಬೀಗರ, ನಿಮ್ಮ ಗಾಡಿಗೆ ಇನ್ನೂ ಬುದ್ಧಿ ಬಂದಿಲ್ಲೇನ್ರಿ? ಕೂಸಿನಂಗ ಕುಂತಲ್ಲೇ ಮಾಡೇತಲ್ಲ!"

ಸಾವ್ಕಾರರು ನಕ್ಕಂತೆ ಮಾಡಿದರು.

"ನಮ್ಮ ಮೊಮ್ಮಗನ ಹಳೇ ದುಪ್ಪಟಿ ಅದಾವ್ರಿ, ಕೊಡ್ಲೇನು ಕೆಳಗ ಕಟ್ಟಾಕ?"

ಇಡೀ ಓಣಿ ನಕ್ಕಿತಂತೆ. ಸಾವ್ಕಾರರು ವಖಾರಿಯ ಮುಂದೆ ಇಳಿದವರೇ ಹೇಳಿದರು. ನಾನು ಬಾಗಿಲಲ್ಲೇ ನಿಂತಿದ್ದೆ.

"ಹನುಮಪ್ಪ, ಸಾಕಾತು. ಸೋಮವಾರ ರಾಮದುರ್ಗದ ಲಕ್ಕಪ್ಪ ಬರತಾನ. ಬಿಚ್ಚಿ ಮಾರತಾನೋ, ತೂಕಕ್ಕ ಹಾಕತಾನೋ, ಒಯ್ಲಿ. ನಾ ಬಸ್ಸಿಗೆ ಅಡ್ಡಾಡತೇನಿ."

"ಮತ್ತ ನಾ, ಧಣ್ಯಾರ?"

"ಗಾಡಿ ಇಲ್ಲದ ಡ್ರೈವರ್ ತಗೊಂಡು ಏನ್ ಮಾಡ್ಲೆಪಾ? ಬ್ಯಾರೆ ನೋಡ್ಕೋ. ಖೋಲಿನೂ ಹತ್ತಿಗೆ ಬೇಕಾಗೈತಿ ಈ ಸಲ."

"ಸೋಮವಾರದ ತನಾ ಟೈಮ್ ಕೊಡ್ರಿ. ನಿಂದರಸ್ತೇನಿ."

"ಕೊಟ್ಟೇನಿ ಹೋಗು. ಒಂದು ಹನಿ ಕಂಡ್ರೂ ಗಾಡಿ ಲಕ್ಕಪ್ಪಂದು."

ಅಂದು ಶನಿವಾರ. ಡ್ರೈವಿಂಗ್ ಬಿಟ್ಟರೆ ನಮ್ಮವರಿಗೆ ಬೇರೆ ಕೆಲಸ ಬಾರದು. ಹೊಲ ಇಲ್ಲ. ನಾವು ಖೋಲಿ ಬಿಟ್ಟರೆ ಹೋಗುವುದೆಲ್ಲಿಗೆ? ನಮ್ಮ ಅತ್ತೆಯ ಮನೆಯಲ್ಲಿ ಆಗಲೇ ಎಂಟು ಜನ. ಬಂಜೆ ಎಂದು ಆಡಿಕೊಳ್ಳುವ ಆ ಅಂಗಳಕ್ಕೆ ಮರಳಿ ಹೋಗುವುದು ನನ್ನಿಂದ ಆಗದ ಮಾತು. ನಾನೇ ಅಂದೆ: "ಶಟ್ಟೆಪ್ಪಣ್ಣನ್ನ ಕರಕೊಂಡು ಬರ್ರಿ." ನಮ್ಮವರು ಯಾಕೋ ಹಿಂದೆ ಮುಂದೆ ನೋಡಿದರು. ಆಗ ನನಗೆ ಅದರ ಅರ್ಥ ಹೊಳೆಯಲಿಲ್ಲ.

ಭಾನುವಾರ ಹೊತ್ತೇರುವ ಮುನ್ನ ಶಟ್ಟೆಪ್ಪಣ್ಣ ಬಂದ. ನಟ್ಟು ಬಿಚ್ಚುವ ಪಾನಾಗಳ ಪೆಟ್ಟಿಗೆ ಕೆಳಗಿಟ್ಟ, ಅದರ ಬಾಯಿ ಮಾತ್ರ ತೆರೆಯಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದ. ನೆಲದ ಕಲೆ ನೋಡಿದ. ಕೂತು ಬೀಡಿ ಹಚ್ಚಿದ.

"ಏನಣ್ಣಾ, ಬಿಚ್ಚೂದಿಲ್ಲೇನು?" ಎಂದು ನಾನು ಕೇಳಿದೆ.

"ಬಿಚ್ಚಾಕ ಬೆಳಗಾವಿಯವರು ಅದಾರಲ್ಲ ತಂಗಿ. ಎರಡು ಸಲ ಬಿಚ್ಯಾರ. ಹನಿ ಬೀಳೂ ಜಾಗಾ ಬ್ಯಾರೆ, ಹೊಂಡೂ ಜಾಗಾ ಬ್ಯಾರೆ. ಬೀಳೂದನ್ನ ಎಲ್ಲಾರೂ ನೋಡ್ಯಾರ. ಹೊಂಡೂದನ್ನ ನಾವು ನೋಡೂಣು. ಚಿಮಣಿ ಎಣ್ಣಿ ಐತೇನು? ಮತ್ತ ನಿನ್ನ ರಂಗೋಲಿ ಡಬ್ಬಿ ಕೊಡು."

"ರಂಗೋಲಿ ಯಾಕ?"

"ಎಂಜಿನ್ ಮುಂದ ರಂಗೋಲಿ ಹಾಕತೇನಿ. ನಿಮ್ಮ ಸಾವ್ಕಾರಗ ಚಲೋ ಬುದ್ಧಿ ಬರ್ಲೆಂತ."

ಹಾಸ್ಯ ಮಾಡಿದ, ಆದರೆ ಮಾಡಿದ್ದೂ ಅದನ್ನೇ. ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಇಡೀ ಎಂಜಿನ್ನನ್ನು ಮೇಲೆ ಕೆಳಗೆ ತೊಳೆದ. ನಮ್ಮವರೂ ತೊಳೆದರು. ಆರಿದ ಮೇಲೆ ನನ್ನ ರಂಗೋಲಿ ಹಿಟ್ಟನ್ನು ಬೊಗಸೆಯಲ್ಲಿ ಹಿಡಿದು, ತುಟಿ ಮುಂದೆ ಮಾಡಿ ಉಫ್ ಉಫ್ ಎಂದು ಎಂಜಿನ್ನಿನ ತುಂಬ ಊದಿದ. ಕರಿ ಎಂಜಿನ್ ವಿಭೂತಿ ಬಳಿದ ಸ್ವಾಮಿಗಳ ಮೈಯ ಹಾಗೆ ಬೆಳ್ಳಗಾಯಿತು. ಅವನ ಮೀಸೆಯೂ ಬೆಳ್ಳಗಾಯಿತು.

ನೇಸರಗಿ ರಸ್ತೆಗೆ ಮೂರು ಮೈಲಿ ಹೋಗಿ ತಿರುಗಿ ಬಂದರು. ಗಾಡಿ ನಿಂತಿದ್ದೇ ಶಟ್ಟೆಪ್ಪಣ್ಣ ಮಲಗಿ ಒಳಗೆ ಸರಿದ. ಕಾಲಷ್ಟೇ ಉಳಿದವು. ಆಮೇಲೆ ಕೆಳಗಿನಿಂದ ನಗು ಕೇಳಿಸಿತು.

"ಏ ಹನುಮಾ, ಬಾ ಇಲ್ಲೆ. ನೋಡು. ಬಿಳೇದರ ಮ್ಯಾಲೆ ಕರೀ ಗೆರಿ. ಮುಂದೊಂದು, ಹಿಂದೊಂದು, ಮಗ್ಗಲಕೊಂದು. ಮೂರೂ ಕಡೆಯಿಂದ ಒಮ್ಮೆಗೇ ಹೊಂಟೈತಿ."

"ಹಂಗಾದ್ರ ಮೂರೂ ಪ್ಯಾಕಿಂಗ್ ಹೋಗ್ಯಾವೇನಣ್ಣಾ?"

"ಎರಡು ಹೊಸಾವು, ಒಂದು ಹಳೇದು, ಮೂರೂ ಕೂಡಿ ಒಂದ ದಿನಾ ಸಾಯಾಕ ಅವೇನ್ ಜೊತಿಗಾರ್ರ? ಪ್ಯಾಕಿಂಗ್ ಬರೋಬ್ಬರಿ ಅದಾವು. ಒಳಗ ಉಸುರು ಕಟ್ಟೈತಿ."

ಹೊರಗೆ ಬಂದು ಎಂಜಿನ್ ಚಾಲೂ ಮಾಡಿಸಿದ. ಎಣ್ಣೆ ಎಷ್ಟಿದೆ ಎಂದು ಅಳೆಯುವ ಕಬ್ಬಿಣದ ಕಡ್ಡಿಯೊಂದು ಇರುತ್ತದೆ. ಯಾರೂ ಮುಟ್ಟದೆ ಆ ಕಡ್ಡಿ ತಾನೇ ಒಂದು ಬೆರಳಿನಷ್ಟು ಮೇಲೆದ್ದು ಬಂತು. ಒತ್ತಿ ಕೂಡಿಸಿದರೆ ಮತ್ತೆ ಎದ್ದಿತು. ನಾನು ದೆವ್ವ ಕಂಡವರ ಹಾಗೆ ನೋಡಿದೆ.

"ಗಡಿಗ್ಯಾಗ ಅನ್ನ ಕುದಿಯಾಕ ಇಟ್ಟು ಮುಚ್ಚಳಾ ಬಿಗದ್ರ ಏನಾಕೈತಿ ತಂಗಿ?"

"ಎಲ್ಲೆ ಸಂದಿ ಸಿಗತೈತಿ ಅಲ್ಲಿಂದ ಉಕ್ಕತೈತಿ."

"ಅಷ್ಟ. ಎಂಜಿನ್ ಉಸುರು ಬಿಡಾಕ ಹಿಂದ ಒಂದು ನಳಿಗಿ ಇರತೈತಿ. ಅದರ ಬಾಯಿ ಕಟ್ಟೈತಿ. ಉಸುರು ಹೋಗಾಕ ಹಾದಿ ಇಲ್ಲ, ಎಣ್ಣಿನ್ನ ದೂಡತೈತಿ. ಬೆಳಗಾವಿಯವರು ಇದನ್ಯಾಕ ನೋಡಿಲ್ಲೋ ನನಗ ತಿಳಿವಲ್ದು."

ಅವನು ಮತ್ತೆ ಕೆಳಗೆ ಸರಿದ. ಈ ಸಲ ನಗು ಬರಲಿಲ್ಲ. ಕಾಲು ಅಲುಗಾಡದೆ ನಿಂತವು. ಅವನ ದನಿ ಸಣ್ಣಗೆ ಕೇಳಿಸಿತು.

"ಹನುಮಾ... ಇಲ್ಲೆ ಕುಂಬಾರ ಹುಳ ಮನಿ ಕಟ್ಟೇತಲ್ಲೋ."

ನನಗೆ ಅದು ಗೊತ್ತಿತ್ತು.

ಕುಂಬಾರ ಹುಳ ಎಂದರೆ ಕಣಜದ ಜಾತಿಯದು, ಸೊಂಟ ಸಣ್ಣ, ಹಸಿ ಮಣ್ಣು ತಂದು ಗಡಿಗೆ ಮಾಡಿದ ಹಾಗೆ ಗೂಡು ಕಟ್ಟುತ್ತದೆ. ನಮ್ಮ ಕಡೆ ಅದು ಮನೆಯಲ್ಲಿ ಗೂಡು ಕಟ್ಟಿದರೆ ಆ ಮನೆಯ ಹೆಣ್ಣು ಬಸಿರಾಗುತ್ತಾಳೆ ಎಂದು ನಂಬಿಕೆ. ಯಾರೂ ಒಡೆಯುವುದಿಲ್ಲ. ಕಸಬರಿಗೆ ತಾಗೀತೆಂದು ಆ ಮೂಲೆಯ ಜೇಡರ ಬಲೆಯನ್ನೂ ತೆಗೆಯುವುದಿಲ್ಲ. ಶ್ರಾವಣದಲ್ಲಿ ಗಾಡಿ ನಿಂತಿದ್ದಾಗ ಒಂದು ಮಧ್ಯಾಹ್ನ ಹುಳ ಬಾಯಲ್ಲಿ ಮಣ್ಣಿನ ಉಂಡೆ ಹಿಡಿದು ಗಾಡಿಯ ಕೆಳಗೆ ಹೋಗುವುದನ್ನು ಕಂಡು ನಾನು ಬಗ್ಗಿ ನೋಡಿದ್ದೆ. ನಳಿಗೆಯ ಬಾಯಿಗೆ ಗುಂಡಗೆ ಮನೆ ಏಳುತ್ತಿತ್ತು. ಆರು ವರ್ಷ ಕಾದವಳಿಗೆ ಅದಕ್ಕಿಂತ ಏನು ಬೇಕು? ಯಾರಿಗೂ ಹೇಳಲಿಲ್ಲ. ಹೇಳಿದರೆ ಫಲ ಕೆಡುತ್ತದೆ ಎಂದು ಗಂಡನಿಗೂ ಹೇಳಲಿಲ್ಲ. ದಿನಾ ಬೆಳಿಗ್ಗೆ ಅದರ ನೇರಕ್ಕೆ ನೆಲಕ್ಕೆ ಒಂದು ಚಿಟಿಕೆ ಅರಿಷಿಣ ಕುಂಕುಮ ಹಾಕುತ್ತಿದ್ದೆ. ಗಾಡಿ ಸೋರತೊಡಗಿದಾಗ ಇದಕ್ಕೂ ಅದಕ್ಕೂ ನಂಟಿದೆ ಎಂದು ನನಗೆಲ್ಲಿ ತಿಳಿಯಬೇಕು? ಮೇಲೆ ಸುರಿದ ಎಣ್ಣೆಯಿಂದ ಅದಕ್ಕೆ ಏನೂ ಆಗದಿರಲಿ ಎಂದು ಬೇಡಿಕೊಂಡವಳು ನಾನು.

ಈಗ ಹೇಳದೆ ಗತಿ ಇರಲಿಲ್ಲ. "ಅಣ್ಣಾ, ಅದು ಶ್ರಾವಣದಾಗ ಕಟ್ಟೈತಿ. ನಾ ನೋಡಿದ್ದೆ" ಎಂದೆ.

ನಮ್ಮವರು ಥಟ್ಟನೆ ನನ್ನ ಕಡೆ ತಿರುಗಿದರು. "ನೀನೂ ನೋಡಿದ್ದೇನು?"

"ನೀನೂ ಅಂದ್ರ?"

ಅವರು ಕೈಯಲ್ಲಿನ ಬಟ್ಟೆಯನ್ನು ಹಿಂಡಿದರು. ಅದರಲ್ಲಿ ಹಿಂಡಲು ಏನೂ ಇರಲಿಲ್ಲ. "ನಾನೂ ನೋಡಿದ್ದೆ. ಮೈ ಒರಸೂವಾಗ. ನಿನಗ ಹೇಳಿದ್ರ ಆಸೆ ಹಚ್ಚಿದಂಗ ಆಕೈತಂತ ಸುಮ್ನಿದ್ದೆ. ಬೆಳಗಾವಿಯವರು ಕೈ ಹಾಕಾಕ ಹೋದ್ರು, ಅದನ್ನ ಮುಟ್ಟಬ್ಯಾಡ್ರಿ, ಧೂಳ ಹೋಗಬಾರದಂತ ನಾನ ಮಣ್ಣ ಮೆತ್ತೇನಿ ಅಂದೆ."

"ಎರಡೂ ಸಲ?" ಗಾಡಿಯ ಕೆಳಗಿನ ದನಿ ಕೇಳಿತು.

"ಎರಡೂ ಸಲ."

ಕೆಳಗಿನಿಂದ ದೊಡ್ಡ ಉಸಿರು ಬಂತು. "ಭೇಷ್. ಗಂಡಗ ಗೊತ್ತೈತಿ, ಹೇಣತಿಗೆ ಗೊತ್ತೈತಿ, ಗೊತ್ತಿಲ್ಲದಾಂವ ಸಾವ್ಕಾರ ಒಬ್ಬಾಂವ. ಅಲ್ಲೋ ಹನುಮಾ, ಇಷ್ಟ ದಿವಸ ನನ್ನ ಕರೀಲಿಲ್ಲ ಅಂದ್ರ ಇದಕ್ಕೇನು?"

"ನೀ ಬಂದ್ರ ಹುಡುಕೇ ಬಿಡತಿದ್ದಿ ಅಣ್ಣಾ."

ಶಟ್ಟೆಪ್ಪಣ್ಣ ಹೊರಗೆ ಬಂದು ಕೂತ. ಮೈಮೇಲೆಲ್ಲ ರಂಗೋಲಿ. ಬೈಯುತ್ತಾನೆಂದುಕೊಂಡೆ. ಅವನು ಬೈಯಲಿಲ್ಲ. ಅವನದೂ ಅದೇ ನೆಲ, ಅದೇ ನಂಬಿಕೆ. ಪಾನಾ ಪೆಟ್ಟಿಗೆಯಿಂದ ಸಣ್ಣ ತಂತಿಯೊಂದನ್ನು ತೆಗೆದು ನನ್ನ ಮುಂದೆ ಹಿಡಿದ.

"ಗಾಡಿ ನಿಂದರಬೇಕಂದ್ರ ಇದು ಹೋಗಬೇಕು. ಬ್ಯಾರೆ ಹಾದಿ ಇಲ್ಲ. ಆದ್ರ ನಾ ಒಡಿಯಾಂವಲ್ಲ ತಂಗಿ. ನೀ ಹೂಂ ಅಂದ್ರ ಕೈ ಹಚ್ಚತೇನಿ. ಒಲ್ಲೆ ಅಂದ್ರ ಪಾನಾ ತಗೊಂಡು ಹೊಕ್ಕೇನಿ, ನಾಳೆ ಲಕ್ಕಪ್ಪ ಒಯ್ಯಲಿ."

ನಮ್ಮವರು ಆಚೆ ತಿರುಗಿ ನಿಂತರು. ಹೇಳುವುದನ್ನು ನನಗೇ ಬಿಟ್ಟರು. ಖೋಲಿಯ ಬಾಗಿಲು ಕಾಣುತ್ತಿತ್ತು, ಒಲೆಯ ಮೇಲೆ ಇಟ್ಟ ಗಡಿಗೆ ಕಾಣುತ್ತಿತ್ತು. ಹುಟ್ಟದ ಕೂಸಿಗಾಗಿ, ಇದ್ದ ಗಂಡನ ಅನ್ನ ಕಳೆಯಲೇ ಎಂದು ಅನ್ನಿಸಿತು.

"ತಗೀರಿ" ಅಂದೆ. ಅಂದು ಸೆರಗಿನಿಂದ ಮುಖ ಮುಚ್ಚಿಕೊಂಡೆ.

ಕೆರೆಯುವ ಸಪ್ಪಳ ಕೇಳಿಸಿತು. ಶಟ್ಟೆಪ್ಪಣ್ಣ ಗುದ್ದಿ ಒಡೆಯಲಿಲ್ಲ. ಚಿಮಣಿ ಎಣ್ಣೆ ಹಚ್ಚಿ ನೆನೆಸಿ, ಸುತ್ತ ತಂತಿ ಆಡಿಸಿ, ನಿಂಬೆಕಾಯಿಯಷ್ಟು ಮಣ್ಣಿನ ಗಡ್ಡೆಯನ್ನು ಇಡಿಯಾಗಿ ಬಿಡಿಸಿದ. ಅದರ ಹಿಂದೆಯೇ ನಳಿಗೆ ಬುಸ್ಸ್ ಎಂದು ಕಮಟು ಗಾಳಿ ಬಿಟ್ಟಿತು.

"ತಂಗೀ, ಮುಖಾ ತಗೀ. ನೋಡಿಲ್ಲೆ."

ನಾನು ನೋಡಲಿಲ್ಲ.

"ಏ ನೋಡಬೇ ಹುಚ್ಚಿ! ಮನಿ ಖಾಲಿ ಐತಿ. ಬಾಗಲಾ ತಗದು ಹಾರಿ ಹೋಗ್ಯಾವು."

ಅವನ ಅಂಗೈಯಲ್ಲಿ ಗೂಡು ಇತ್ತು. ಅದರ ಮೈಗೆ ಐದು ತೂತು, ಜೋಳದ ಕಾಳು ಹಿಡಿಸುವಷ್ಟು. ಒಳಗಿಂದ ಕೊರೆದು ಹೊರಗೆ ಬಂದ ತೂತುಗಳು. ನಳಿಗೆಯ ಬಾಯಿಗೆ ಅಂಟಿದ್ದ ಬೆನ್ನು ಮಾತ್ರ ಗಟ್ಟಿ ಮಣ್ಣು. ನಾನು ಒಂದೊಂದರಲ್ಲೂ ಕಡ್ಡಿ ಹಾಕಿ ನೋಡಿದೆ. ಐದೂ ಖಾಲಿ. ಗಾಡಿ ನಿಂತಿದ್ದ ಮಳೆಗಾಲದಲ್ಲೇ ಮರಿಗಳು ರೆಕ್ಕೆ ಬಲಿತು ಹೋಗಿದ್ದವು. ನಾವಿಬ್ಬರೂ ಮೂರು ತಿಂಗಳು ಕಾಯ್ದದ್ದು ಬರೀ ಮಣ್ಣು. ನನಗೆ ಅಳುವೂ ಬಂತು, ನಗುವೂ ಬಂತು. ಅದನ್ನು ಕಂಡು ನಮ್ಮವರು ಮೊದಲು ನಕ್ಕರು. ಆಮೇಲೆ ಮೂವರಿಗೂ ತಡೆಯಲಾಗಲಿಲ್ಲ.

ಶಟ್ಟೆಪ್ಪಣ್ಣ ಎಂಜಿನ್ನಿಗೆ ಅಂಟಿದ್ದ ಎಣ್ಣೆಯನ್ನು ಮತ್ತೊಮ್ಮೆ ತೊಳೆದ. ಸಂಜೆಯ ಮುನ್ನ ನಾನು ಚಪ್ಪರದ ನೆಲವನ್ನು ಕೆರೆದು, ಹೊಸ ಮಣ್ಣು ಹಾಕಿ, ಸೆಗಣಿಯಿಂದ ಸಾರಿಸಿದೆ. ಆರಿದ ಮೇಲೆ ಗಾಡಿಯನ್ನು ಕೈಯಿಂದ ದೂಡಿ ಅದರ ಮೇಲೆ ನಿಲ್ಲಿಸಿದರು.

ಬೆಳಿಗ್ಗೆ ಬೆಳಕು ಹರಿಯುತ್ತಲೇ ಹೋಗಿ ಬಗ್ಗಿದೆ. ಹಸಿರು ನೆಲದ ನಡುವೆ ಒಂದು ಹನಿ.

ಒಂದೇ. ಆದರೆ ಸಾವ್ಕಾರರು ಅಂದದ್ದೂ ಒಂದೇ ಹನಿ. ನಮ್ಮವರು ತಾವೇ ಬಂದು ನೋಡಿ, ಅಲ್ಲಿಯೇ ಕುಕ್ಕರಿಸಿದರು. ಅಷ್ಟರಲ್ಲಿ ಶಟ್ಟೆಪ್ಪಣ್ಣ ಬಂದ, ಅವನ ಹಿಂದೆಯೇ ಸಾವ್ಕಾರರು, ಜೊತೆಗೆ ರಾಮದುರ್ಗದ ಲಕ್ಕಪ್ಪ. ಲಕ್ಕಪ್ಪನ ಕಣ್ಣಿಗೆ ಮೊದಲು ಬಿತ್ತು.

"ಅಕಾ ನೋಡ್ರಿ ಸಾವ್ಕಾರ್ರ, ಹನಿ!" ಹೆಣ್ಣು ಒಪ್ಪಿಗೆಯಾದಷ್ಟು ಸಂತೋಷ ಅವನಿಗೆ.

ಶಟ್ಟೆಪ್ಪಣ್ಣ ಬೆರಳಿನಿಂದ ಹನಿಯನ್ನು ಒರೆಸಿ, ಎರಡು ಬೆರಳ ನಡುವೆ ತಿಕ್ಕಿ, ಮೂಗಿಗೆ ಹಿಡಿದ. ಅದೇ ಬೆರಳನ್ನು ಸಾವ್ಕಾರರ ಮುಂದೆ ಚಾಚಿದ. ಅವರು ಒಂದು ಗಳಿಗೆ ಹಿಂದೆ ಸರಿದರು. ಆಮೇಲೆ ಬಗ್ಗಿ ಮೂಸಿದರು.

"ಚಿಮಣಿ ಎಣ್ಣಿ" ಅಂದರು.

"ಹೌದ್ರಿ. ನಿನ್ನೆ ತೊಳದದ್ದು ಎಲ್ಲೋ ಸಂದ್ಯಾಗ ನಿಂತಿತ್ತು, ಇಳದೈತಿ. ಎಂಜಿನ್ ಎಣ್ಣಿ ಆಗಿದ್ರ ಅಂಟತಿತ್ತು. ನಂಬಿಗಿ ಇಲ್ಲಂದ್ರ ಚಾಲೂ ಮಾಡಸ್ರಿ. ಕೆಳಗ ಕಾಗದಾ ಹಾಸ್ರಿ."

ವಖಾರಿಯಿಂದ ಹಳೆಯ ಪೇಪರು ತಂದು ಹಾಸಿದರು. ನಮ್ಮವರು ಎಂಜಿನ್ ಚಾಲೂ ಮಾಡಿದರು. ಅರ್ಧ ತಾಸು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಸಾವ್ಕಾರರು ಗಡಿಯಾರ ನೋಡುತ್ತಿದ್ದರು. ಲಕ್ಕಪ್ಪನಿಗೆ ಸಮಾಧಾನವಿಲ್ಲ. ಇಸ್ತ್ರಿ ಅಂಗಿಯಲ್ಲೇ ನೆಲಕ್ಕೆ ಮಲಗಿ, ಆಗಲೇ ಕೆಳಗೆ ಮಲಗಿದ್ದ ಶಟ್ಟೆಪ್ಪಣ್ಣನ ಮಗ್ಗುಲಿಗೆ ತಲೆ ತೂರಿಸಿದ. ಈಗ ಗಾಡಿಯ ಕೆಳಗಿನಿಂದ ನಾಲ್ಕು ಕಾಲು.

"ಕಾಣಸ್ತೇನೋ ಲಕ್ಕಪ್ಪ?" ಸಾವ್ಕಾರರು ಕೇಳಿದರು.

"ಇಲ್ರಿ... ತಡೀರಿ... ಇಲ್ರಿ."

"ಇನ್ನೂ ಸ್ವಲ್ಪ ಒಳಗ ಹೋಗು. ಹೆಂಗೂ ಅಂಗಿ ಹೋತು" ಎಂದ ಶಟ್ಟೆಪ್ಪಣ್ಣ.

ಪೇಪರು ಹೊರಗೆ ಎಳೆದರು. ಅಕ್ಷರ ಎಲ್ಲ ಹಾಗೆಯೇ ಇದ್ದವು, ಒಂದು ಕಲೆ ಇಲ್ಲ. ಸಾವ್ಕಾರರು ಅದನ್ನು ತಿರುಗಿಸಿ ಮರುಗಿಸಿ ನೋಡಿದರು.

"ಏನಾಗಿತ್ತಪಾ ಇದಕ್ಕ?"

ನಮ್ಮವರು ಬಾಯಿ ತೆರೆದರು. ಅವರಿಗಿಂತ ಮೊದಲು ಶಟ್ಟೆಪ್ಪಣ್ಣ ಪಾನಾ ಒರೆಸುತ್ತ ಹೇಳಿದ: "ನಳಿಗ್ಯಾಗ ಹುಳ ಗೂಡು ಕಟ್ಟಿತ್ರಿ. ಮಳಿಗಾಲದಾಗ ಗಾಡಿ ನಿಲ್ಲಿಸಿದ್ರ ಹಂಗಾಗತೈತಿ." ಅದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳಲಿಲ್ಲ. ಅವನು ಸಾಯುವ ತನಕವೂ ಯಾರ ಮುಂದೆಯೂ ಹೇಳಲಿಲ್ಲ. ಆಮೇಲೂ ಹತ್ತು ಹನ್ನೆರಡು ವರ್ಷ ಅವನು ಆ ಬೇವಿನ ಗಿಡದ ಕೆಳಗೇ ದುಡಿದ. ಎಷ್ಟೋ ಮನೆಗಳ ಗಾಡಿಯ ಕೆಳಗೆ ಮಲಗಿ ಎಷ್ಟೋ ಜನರ ತಪ್ಪು ಕಂಡಿರಬೇಕು. ಎಲ್ಲವನ್ನೂ ನಟ್ಟಿನ ಮೇಲೋ ಹುಳದ ಮೇಲೋ ಹಾಕಿ ಎದ್ದು ಬಂದ. ಮೂರು ವರ್ಷದ ಮೇಲೆ ನನಗೆ ಮಗಳು ಹುಟ್ಟಿದಾಗ ನೋಡಲು ಬಂದು, "ಇಕಿ ಯಾವ ನಳಿಗ್ಯಾಗ ಇದ್ಲು ಇಷ್ಟ ದಿನಾ?" ಎಂದು ಕೇಳಿ ನನ್ನನ್ನು ನಗಿಸಿ ಹೋದ.

ಆ ಸೋಮವಾರ ಸಾವ್ಕಾರರು ಪೇಪರನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. "ಲಕ್ಕಪ್ಪ, ಚಹಾ ಕುಡದು ಹೋಗು" ಅಂದರು. ಲಕ್ಕಪ್ಪ ಅಂಗಿ ಜಾಡಿಸುತ್ತ ಎದ್ದ. ನಮ್ಮವರಿಗೆ ಅವರು ತಪ್ಪಾಯಿತು ಅನ್ನಲಿಲ್ಲ, ಭೇಷ್ ಅನ್ನಲಿಲ್ಲ. ಹೋಗುತ್ತ ಹೋಗುತ್ತ ತಿರುಗಿ ನೋಡದೆ ಹೇಳಿದರು:

"ಹನುಮಪ್ಪ, ನಾಳಿ ಮುಂಜಾನೆ ಎಂಟಕ್ಕ ಹೂಲಿಗೆ ಹೋಗೂದೈತಿ. ಗಾಡಿ ತಗದು ನಿಂದರು."

"ಹೂಂನ್ರಿ, ಧಣ್ಯಾರ."

ಅಷ್ಟೇ. ಅಂದು ನಮ್ಮವರು ಮೂರು ರೊಟ್ಟಿ ಉಂಡರು. ಶನಿವಾರದಿಂದ ಒಂದು ತುತ್ತೂ ನೆಟ್ಟಗೆ ಇಳಿದಿರಲಿಲ್ಲ. ಕೈ ತೊಳೆದವರು ಹಾಸಿಗೆ ಬಿಚ್ಚುವ ತನಕವೂ ಕಾಯಲಿಲ್ಲ, ಹತ್ತಿಯ ಅಂಡಿಗೆಗೆ ತಲೆ ಕೊಟ್ಟು ಮಲಗಿದವರು ಸಂಜೆ ದೀಪ ಹಚ್ಚುವ ತನಕ ಗೊರಕೆ ಹೊಡೆದರು. ನಾನು ಎಬ್ಬಿಸಲು ಹೋಗಲಿಲ್ಲ.